ಪಾವೆಲ್‌ಗೆ ಬಂದಿದ್ದ ಕರೆ

ಕರೆ ಬಂದದ್ದು ಪಾವೆಲ್‌ಗೆ. ಫೋನ್ ಎತ್ತಿದವನು ನಾನು. ವಿಷಯವನ್ನು ಅವನಿಗೆ ಹೇಳಲಿಲ್ಲ. ಮರೆತದ್ದಲ್ಲ — ಹೇಳಲಿಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘದ ಕೂಟಗಳಲ್ಲಿ, ಮದುವೆ ಊಟದ ಸಾಲಿನಲ್ಲಿ, "ಆ ರಷ್ಯಾದವನನ್ನು ಬಹ್ರೈನ್‌ನಲ್ಲಿ ಉಳಿಸಿಕೊಂಡದ್ದು ನಮ್ಮ ದಾಮಣ್ಣ" ಎಂದು ನೀವೆಲ್ಲ ನನ್ನ ಬೆನ್ನು ತಟ್ಟಿದ್ದೀರಿ. ಒಮ್ಮೆ ಶಾಲನ್ನೂ ಹೊದೆಸಿದಿರಿ. ಉಳಿಸಿಕೊಂಡದ್ದು ನಿಜ. ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ — ಇರಲಿ. ಅಜ್ಜಿಯ ಬಾಯಿಂದ ಮಾತು ಕಲಿತವನು ನಾನು, ಕಥೆಯನ್ನು ಊರೆಲ್ಲ ಸುತ್ತಿಸಿ ತರುವುದು ಅಭ್ಯಾಸ. ಇವತ್ತು ಸುತ್ತಿಸುವುದಿಲ್ಲ.

ಸಲ್ಮಾಬಾದ್‌ನ ಗೋದಾಮುಗಳ ನಡುವೆ ನಮ್ಮ ಐಸ್ ಅಂಗಳ ಇರುವುದು ನಿಮಗೆ ಗೊತ್ತು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ಸ್ವೆಟರ್ ಹಾಕಿಕೊಂಡು ಕೂರುವ ಮ್ಯಾನೇಜರ್ ನಾನು. ಪಾವೆಲ್ ಅಲ್ಲಿಗೆ ಮಕ್ಕಳಿಗೆ ಐಸ್ ಹಾಕಿ ಆಟ ಕಲಿಸಲು ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಅವನ ಊರಿನಲ್ಲಿ ಚಳಿಗಾಲಕ್ಕೆ ಅಪ್ಪ ಹಿತ್ತಲಿಗೆ ನೀರು ಸುರಿದರೆ ಬೆಳಗಾಗುವಷ್ಟರಲ್ಲಿ ಆಟದ ಬಯಲು ತಯಾರಂತೆ. ಅಲ್ಲಿ ಜಾರುತ್ತಿದ್ದವನನ್ನು ಕ್ಲಬ್ಬಿನ ಕೋಚ್ ಒಬ್ಬರು ಆರಿಸಿ, ಡಿಫೆನ್ಸ್‌ನಲ್ಲಿ ನಿಲ್ಲಿಸಿ, ಸಂಬಳದ ಆಟಗಾರನನ್ನಾಗಿ ಮಾಡಿದರು. "ಗೋಲು ಹೊಡೆದವನ ಹೆಸರು ಪೇಪರಿನಲ್ಲಿ, ಪಕ್‌ಗೆ ಅಡ್ಡ ಮೈ ಕೊಟ್ಟವನ ಹೆಸರು ಡಾಕ್ಟರ ಚೀಟಿಯಲ್ಲಿ" ಎಂದು ಹೇಳಿ ಅವನೇ ನಗುತ್ತಿದ್ದ. ಪಕ್ ಎಂದರೆ ಚೆಂಡಿನ ಬದಲು ಅವರು ಹೊಡೆಯುವ ಗಟ್ಟಿ ರಬ್ಬರಿನ ಬಿಲ್ಲೆ.

ಕೊನೆಯ ಪಂದ್ಯದಲ್ಲಿ ಮೊಣಕಾಲು ಹೋಯಿತು. ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋಗುವಾಗ ಆ ಕೋಚ್ ಪಕ್ಕದಲ್ಲೇ ನಡೆದು ಬಂದು ಹೇಳಿದರಂತೆ: "ಕಾಲು ಸರಿಮಾಡಿಕೋ. ನಾನೇ ಕರೆಯುತ್ತೇನೆ." ಕ್ಲಬ್ ಅವನ ಕೈಬಿಟ್ಟಿತು, ಕೋಚ್ ಬೇರೆ ಕ್ಲಬ್ಬಿಗೆ ಹೋದರು, ಪಾವೆಲ್ ಇಲ್ಲಿಗೆ ಬಂದ — ಆ ಕರೆ ಬರುವವರೆಗೆ ಅಂತ.

ಬೆಳಿಗ್ಗೆ ಮಕ್ಕಳು ಬರುವ ಮೊದಲು ಒಬ್ಬನೇ ಐಸ್ ಮೇಲೆ ಹಿಂದುಹಿಂದಕ್ಕೆ ಜಾರುತ್ತಿದ್ದ, ಡಿಫೆಂಡರ್‌ಗಳ ಅಭ್ಯಾಸ ಅದು. ಬೆವರು ಒರೆಸಿಕೊಂಡು ಬಂದು ಹೇಳುವುದು ಒಂದೇ ಮಾತು: "ದಾಮಣ್ಣ, ಇನ್ನೊಂದೇ ಸೀಸನ್. ಕೊನೆಗೆ ನನ್ನ ಕಾಲ ಮೇಲೆ ನಾನು ಹೊರಗೆ ನಡೆದು ಬರಬೇಕು." ಅಣ್ಣ ಎನ್ನುವುದನ್ನು ಅವನಿಗೆ ಕಲಿಸಿದವಳು ನನ್ನ ಹೆಂಡತಿ ಸುಜಾತ.

ಕರೆ ಬಂದ ಆ ವಾರ ಅವನ ಮೊಬೈಲ್ ಜೇಬಿನಿಂದ ಜಾರಿ, ಐಸ್ ನಯ ಮಾಡುವ ಗಾಡಿಯ ಕೆಳಗೆ ಸಿಕ್ಕಿ ಚೂರಾಗಿತ್ತು. ಅವನ ಕಡೆಯವರಿಗೆಲ್ಲ ನಮ್ಮ ಆಫೀಸಿನ ನಂಬರ್ ಕೊಟ್ಟಿದ್ದ. ಬುಧವಾರ ಮಧ್ಯಾಹ್ನ ಫೋನ್ ಬಂತು. ಮುದುಕರ ದನಿ, ಮುರುಕು ಇಂಗ್ಲಿಷ್. ತಾವು ಪಾವೆಲ್‌ನ ಹಳೆಯ ಕೋಚ್ ಎಂದರು. ತಮ್ಮ ಡಿಫೆಂಡರ್ ಒಬ್ಬ ಗಾಯಗೊಂಡಿದ್ದಾನೆ, ಒಂದು ಜಾಗ ಇದೆ ಎಂದರು. "ಪಾವೆಲ್‌ಗೆ ಹೇಳಿ. ನನಗೆ ಅವನೇ ಬೇಕು. ಇವತ್ತು ರಾತ್ರಿಯೊಳಗೆ ಫೋನ್ ಮಾಡಲಿ. ನಾಳೆಯಾದರೆ ಬೇರೆಯವನು."

ಪಾವೆಲ್ ಗಾಜಿನ ಆಚೆಯೇ ಇದ್ದ, ಪುಟ್ಟ ಹುಡುಗಿಯೊಬ್ಬಳ ಸ್ಕೇಟ್ಸ್‌ನ ಲೇಸ್ ಬಿಗಿಯುತ್ತಾ. ನಾನು ಗಾಜಿಗೆ ಬೆರಳಿನಿಂದ ತಟ್ಟಿದ್ದರೆ ಸಾಕಿತ್ತು.

ಶುಕ್ರವಾರ ಮಕ್ಕಳ ಪಂದ್ಯ ಇತ್ತು. ನಮ್ಮ ಅರಬಾಬ್ — ಅಂಗಳದ ಮಾಲಿಕರು — ದೊಡ್ಡ ದೊಡ್ಡವರನ್ನೆಲ್ಲ ಕರೆದಿದ್ದರು. ಅದು ಚೆನ್ನಾಗಿ ನಡೆಯದಿದ್ದರೆ ಐಸ್ ಕರಗಿಸಿ ಸೋಫಾ ಶೋರೂಮ್ ಮಾಡುತ್ತೇನೆ ಎಂದೂ ನನಗೆ ಹೇಳಿದ್ದರು. ಐಸ್ ಹೋದರೆ ನನ್ನ ವೀಸಾ ಹೋಯಿತು. ಪಾವೆಲ್ ಇಲ್ಲದೆ ಆ ಮಕ್ಕಳು ಅಂಗಳಕ್ಕೆ ಇಳಿಯುವವರಲ್ಲ. ಎರಡೇ ದಿನ ತಾನೆ ಎಂದುಕೊಂಡೆ. ಇಲ್ಲಿ ನಮಗೆ "ಇವತ್ತೇ" ಎಂದರೆ ಈ ವಾರ, "ಬುಕ್ರಾ" ಎಂದರೆ ನಾಳೆಯಲ್ಲ, ಎಂದಾದರೊಂದು ದಿನ. ಆ ಮುದುಕರದ್ದೂ ಅಂಥದ್ದೇ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ದನಿಯಲ್ಲಿ ಬುಕ್ರಾ ಇರಲಿಲ್ಲ. ಅದು ನನಗೆ ಕೇಳಿಸಿತ್ತು.

ಪಂದ್ಯ ಚಂದವಾಗಿ ನಡೆಯಿತು. ಅರಬಾಬ್ ಎಲ್ಲರೆದುರು ನನ್ನನ್ನು ತಬ್ಬಿಕೊಂಡರು. ಶನಿವಾರ ಆ ನಂಬರಿಗೆ ನಾನೇ ಫೋನ್ ಮಾಡಿದೆ. "ಬೇರೆಯವನು ಬಂದಾಯಿತು. ಪಾವೆಲ್‌ಗೆ ಇಷ್ಟವಿಲ್ಲದಿದ್ದರೆ ನನಗೆ ಕೋಪವಿಲ್ಲ ಎಂದು ಹೇಳಿ" ಎಂದರು. ನಾನು ಅವನಿಗೆ ತಿಳಿಸಿಯೇ ಇಲ್ಲ ಎಂದು ಆಗಲೂ ಬಾಯಿ ಬಿಡಲಿಲ್ಲ. ಥ್ಯಾಂಕ್ಯೂ ಸರ್ ಎಂದೆ. ಈಗಲೂ ನೆನೆದರೆ — ಥ್ಯಾಂಕ್ಯೂ ಅಂತೆ!

ಆ ಚಳಿಗಾಲವಿಡೀ ಅವನು ಕಾದ. ಆಮೇಲೆ ಬೆಳಗಿನ ಅಭ್ಯಾಸ ಬಿಟ್ಟ. ಕೈ ಮುರಿದುಕೊಂಡ ಶಿಷ್ಯನೊಬ್ಬನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನಿಗೆ ಮಂಗಳೂರಿನ ನರ್ಸ್ ಪ್ರೆಸಿಲ್ಲಾ ಸಿಕ್ಕಿದಳು. ಸನದ್‌ನಲ್ಲಿ ಮನೆ, ಒಬ್ಬಳು ಮಗಳು, ಬಾಲ್ಕನಿಯಲ್ಲಿ ಟೊಮೆಟೊ ಗಿಡ. ಕೋರಿ ರೊಟ್ಟಿಯನ್ನು ನಮಗಿಂತ ಖಾರವಾಗಿ ತಿನ್ನುತ್ತಾನೆ. ಸುಖವಾಗಿದ್ದಾನೆ, ಅದನ್ನು ನಾನು ಹೇಳಬೇಕಾಗಿಲ್ಲ, ನೀವೇ ಕಂಡಿದ್ದೀರಿ. ವರ್ಷಗಟ್ಟಲೆ ಆ ಸುಖವನ್ನು ತೋರಿಸಿಯೇ ನನ್ನ ಬಾಯಿಯನ್ನು ನಾನು ಮುಚ್ಚಿಸಿದ್ದೇನೆ. ಆದರೆ ಅದು ಅವನು ಕಟ್ಟಿಕೊಂಡದ್ದು. ನಾನು ಕೊಟ್ಟದ್ದಲ್ಲ.

ಹೋದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ಗುಫೂಲ್‌ನ ನಮ್ಮ ಮನೆಗೆ ನೀರುದೋಸೆಗೆ ಬಂದಿದ್ದ. "ನಮ್ಮ ಕೋಚ್ ತೀರಿಕೊಂಡರಂತೆ" ಎಂದ, ಸಾರಿಗೆ ದೋಸೆ ಅದ್ದುತ್ತಾ. "ಒಳ್ಳೆಯ ಮನುಷ್ಯ. ಕರೆಯುತ್ತೇನೆ ಎಂದಿದ್ದರು. ಕರೆಯಲಿಲ್ಲ."

"ಪಾಪ, ವಯಸ್ಸಾದವರಿಗೆ ಮರ್ತು ಹೋಗ್ತದೆ ಮಾರಾಯ" ಎಂದಳು ಸುಜಾತ. "ಇನ್ನೊಂದು ದೋಸೆ ಹಾಕ್ಲಾ?"

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಸತ್ತ ಮನುಷ್ಯನನ್ನು ನನ್ನ ಮನೆಯ ಮೇಜಿನಲ್ಲೇ ಮಾತಿಗೆ ತಪ್ಪಿದವನನ್ನಾಗಿ ಮಾಡಿ ಕೂತಿದ್ದೆ.

"ಅವರು ಮರೀಲಿಲ್ಲ" ಎಂದೆ. "ಕರ್ದಿದ್ರು. ಫೋನ್ ತೆಗ್ದದ್ದು ನಾನು."

ಸುಜಾತ ಸೌಟು ಹಿಡಿದುಕೊಂಡೇ ನಿಂತಳು. "ನೀವು ಎಂತ ಹೇಳ್ತಿದ್ದೀರಿ ಮಾರಾಯ್ರೆ?" ಎಲ್ಲವನ್ನೂ ಹೇಳಿದೆ. ಗಾಜು, ಲೇಸ್, ಸೋಫಾ ಶೋರೂಮ್, ಥ್ಯಾಂಕ್ಯೂ. ಪಾವೆಲ್ ಬೈಯಲಿಲ್ಲ. ಬೈದಿದ್ದರೆ —

"ಏನಂದರು? ಅವರ ಮಾತಿನಲ್ಲೇ ಹೇಳು" ಎಂದ.

ಅದೇ ಮುರುಕು ಇಂಗ್ಲಿಷಿನಲ್ಲಿ, ಅದೇ ಕ್ರಮದಲ್ಲಿ ಹೇಳಿದೆ. ಒಂದು ಶಬ್ದವೂ ಕಳೆದಿರಲಿಲ್ಲ. "ನನಗೆ ಅವನೇ ಬೇಕು."

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಎದ್ದು ಕೈ ತೊಳೆದು, ಸುಜಾತಳಿಗೆ ತಲೆಬಾಗಿ, ಮೆಟ್ಟಿಲಿಳಿದು ಹೋದ.

ಭಾನುವಾರ ಎಂದಿನಂತೆ ಕೆಲಸಕ್ಕೆ ಬಂದ. ಈಗ ನನ್ನನ್ನು ದಾಮೋದರ್ ಎನ್ನುತ್ತಾನೆ. ಅಣ್ಣ ಇಲ್ಲ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿ ಅವನ ಮೇಲೆ ಇನ್ನೊಂದು ಭಾರ ಹೊರಿಸಲಾರೆ. ಆದರೆ ಒಂದು ಬದಲಾವಣೆ ಕಂಡೆ. ಇಷ್ಟು ವರ್ಷ ಮಕ್ಕಳ ಮುಂದೆ ಆ ಕೋಚ್‌ನ ಹೆಸರೇ ಎತ್ತದವನು ಈಗ ಹಿಂದಕ್ಕೆ ಜಾರುವುದನ್ನು ಕಲಿಸುವಾಗ "ನಮ್ಮ ಕೋಚ್ ಹೀಗೆ ಹೇಳುತ್ತಿದ್ದರು" ಎಂದು ಶುರುಮಾಡುತ್ತಾನೆ. ಅದನ್ನು ಹೇಳುವಾಗ ಅವನ ಮುಖ — ನೀವೇ ಬಂದು ನೋಡಿ.

ಶಾಲನ್ನು ಸಂಘಕ್ಕೆ ಹಿಂದಿರುಗಿಸಿದ್ದೇನೆ. ಇನ್ನು ಮುಂದೆ ಪಾವೆಲ್‌ನ ಕಥೆ ಹೇಳುವಾಗ ದಾಮಣ್ಣ ಉಳಿಸಿಕೊಂಡ ಎನ್ನಬೇಡಿ. ಅವನಿಗೆ ಕರೆ ಬಂದಿತ್ತು ಎನ್ನಿ.