ಗಂಟೆಗಿಂತ ಮುಂಚಿನ ರೊಟ್ಟಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಸಿಮೆಂಟಿನ ಬಣ್ಣಕ್ಕೆ ತಿರುಗಿ ಕೊಂಬಿನ ಚೂರಿನಂತೆ ದಪ್ಪವಾಗಿತ್ತು. ಆ ಉಗುರಿನಿಂದ ಆಕೆ ಕಬ್ಬಿಣದ ಬುಟ್ಟಿಯ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಬಡಿದರೆ, ಎಲ್ಲೆಲ್ಲೋ ಬಿದ್ದುಕೊಂಡಿದ್ದ ಐದು ಬೀದಿನಾಯಿಗಳು ಎದ್ದು ಬಂದು ಮರಳ ರಾಶಿಯ ಮುಂದೆ ಸಾಲಾಗಿ ಕೂರುತ್ತಿದ್ದವು. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ನಾನೂ ನನ್ನ ನಾಯಿಯೂ ಬೆಳಗಿನ ತಿರುಗಾಟಕ್ಕೆ ಹೊರಟಿರುತ್ತಿದ್ದೆವು. ಎಳೆಯುವುದು ಅದರ ಕೆಲಸ, ಎಳೆಸಿಕೊಳ್ಳುವುದು ನನ್ನದು.

"ಸಾಹೇಬ್ರ, ನಾಯಿ ನಿಮ್ಮನ್ನ ಎಲ್ಲಿಗೆ ಒಯ್ಲಾಕತ್ತದರಿ?" ಎಂದು ಕೇಳಿದ್ದೇ ಆಕೆ ನನ್ನೊಡನೆ ಆಡಿದ ಮೊದಲ ಮಾತು.

ಮಹಾರಾಷ್ಟ್ರದ ಈ ಸಂಭಾಜಿನಗರಕ್ಕೆ ಬಂದು ಹತ್ತೊಂಬತ್ತು ವರ್ಷವಾದರೂ ರಸ್ತೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಈಗಲೂ ಬೆಚ್ಚುತ್ತೇನೆ. ನಾನು ಕನ್ನಡದವನೆಂದು ಹೇಗೆ ಗೊತ್ತಾಯಿತೆಂದು ಕೇಳಿದೆ.

"ನಿಮ್ಮ ಮನಿಯವ್ರು ನಿಮಗ ಬೈಯೋದು ದಿನಾ ಕೇಳ್ತೀನಲ್ರಿ. ಬೀದರ್ ಕಡಿಯವ್ರು ಅಂತ ಆವಾಗೇ ತಿಳೀತು."

ಆಕೆ ಕಲಬುರಗಿ ಕಡೆಯವಳು. ಚಿಕಲಠಾಣಾದ ನಮ್ಮ ಕಟ್ಟಡದ ಪಕ್ಕದಲ್ಲೇ ಏಳುತ್ತಿದ್ದ ಇನ್ನೊಂದು ಕಟ್ಟಡದಲ್ಲಿ ಹೊಸ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆಯುವ ಕೆಲಸ ಅವಳದು. ಅಲ್ಲಿಯ ತಗಡಿನ ಶೆಡ್ಡೇ ಮನೆ. ಕೆಲಸದವರೆಲ್ಲ ಆಯಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮೂರನೇ ಮಜಲಿನಲ್ಲಿ ನಿಂತು ನೀರು ಹೊಡೆಯುವಾಗ ನಮ್ಮ ಅಡುಗೆಮನೆ ಅವಳ ಕಣ್ಣೆದುರಿಗೇ ಇರುತ್ತಿತ್ತು.

ನಾಯಿ ನನ್ನ ಆಸೆಯಲ್ಲ. ನಾಶಿಕ್‌ನಲ್ಲಿ ಓದುವ ಮಗಳು ರಜೆಗೆ ಬರುವಾಗ ಮಡಿಲಲ್ಲಿ ಇಟ್ಟುಕೊಂಡು ತಂದು, ಹೋಗುವಾಗ ನಮ್ಮ ಮಡಿಲಿಗೆ ಹಾಕಿ ಹೋದ ಪ್ರಾಣಿ. ಹೆಸರು ಬ್ರೂನೋ. ಒಂದು ವರ್ಷ ತುಂಬುವ ಹೊತ್ತಿಗೆ ಅದಕ್ಕೊಂದು ರೋಗ ಹತ್ತಿತು. ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬೊಗಳುವುದು. ಮನೆಮನೆಗಳಲ್ಲಿ ಪೂಜೆ ನಡೆಯುವ ಸಮಯವೂ ಅದೇ. ದೇವರನ್ನು ಕಂಡರಾಗದ ನಾಯಿ ಎಂಬ ಖ್ಯಾತಿ ಲಿಫ್ಟಿನಲ್ಲಿ ಹತ್ತಿ ಇಳಿದು ಇಡೀ ಕಟ್ಟಡಕ್ಕೆ ಹಬ್ಬಿತು. ಸೊಸೈಟಿಯ ಸೆಕ್ರೆಟರಿ ಬಹಳ ಮರ್ಯಾದೆಯಿಂದಲೇ ಹೇಳಿದರು: ಕೆಳಗಡೆ ಗಣಪತಿ ಕೂರಿಸಲು ಇನ್ನೊಂದು ತಿಂಗಳಿದೆ. ಆರತಿಯ ಹೊತ್ತಿಗೆ ನಾಯಿ ಬೊಗಳಿದರೆ ಅದು ಈ ಕಟ್ಟಡದಲ್ಲಿ ಇರುವಂತಿಲ್ಲ.

ಮಗಳಿಗೆ ಫೋನಿನಲ್ಲಿ ತಿಳಿಸಿದೆ. "ಬಾಬಾ, ಅವನ್ನ ಕೊಟ್ರ ನಾ ದಿವಾಳಿಗಿ ಮನಿಗಿ ಬರಂಗಿಲ್ಲ," ಎಂದಳು. ಅವಳು ಮರಾಠಿ ಬೆರೆಸದೆ ಪೂರ್ತಿ ಕನ್ನಡದಲ್ಲಿ ಮಾತಾಡುವುದು ವರ್ಷಕ್ಕೆ ಎರಡೋ ಮೂರೋ ಸಲ. ನನಗೆ ಹೆದರಿಕೆಯಾಯಿತು.

ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮಾಡಿದೆ. ಕಿವಿಗೆ ಹತ್ತಿ ಇಟ್ಟೆ; ಹತ್ತಿಯನ್ನು ತಿಂದಿತು. ಹಿಂದಿಯಲ್ಲಿ ಗದರಿದೆ, ಬಾಲ ಅಲ್ಲಾಡಿಸಿತು. ಶೇಂದ್ರಾದ ಕಾರ್ಖಾನೆಯಲ್ಲಿ ಕೆಟ್ಟ ಮಾಲಿನ ದೋಷ ಎಲ್ಲಿ ಹುಟ್ಟಿತೆಂದು ಪತ್ತೆ ಮಾಡುವುದೇ ನನ್ನ ಉದ್ಯೋಗ. ಮನೆಯ ದೋಷದ ಮೂಲ ಮಾತ್ರ ತಿಳಿಯದೆ, ರಕ್ತದೊತ್ತಡದ ಗುಳಿಗೆ ಅರ್ಧ ಇದ್ದದ್ದು ಒಂದಾಯಿತು. ಕಡೆಗೆ ಹೋಗಿ ಆಯಿಯ ಮುಂದೆ ನಿಂತೆ.

ಭಾನುವಾರ ಬೆಳಿಗ್ಗೆ ಬಂದಳು. ಬಂದವಳು ನಾಯಿಯನ್ನು ಮುಟ್ಟಲಿಲ್ಲ, ಕರೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಶಿಯಲ್ಲಿ ಚಹಾ ಕುಡಿಯತೊಡಗಿದಳು. ಹೆಂಡತಿ ರೊಟ್ಟಿ ಬಡಿದು, ಎಡೆ ಮಾಡಿ, ಪೂಜೆಗೆ ಕೂತು ಗಂಟೆ ಬಾರಿಸಿದಳು. ಎದ್ದು ಬಂದು ನಾಯಿಯ ತಾಟಿಗೆ ಹಾಲು ರೊಟ್ಟಿ ಹಾಕಿದಳು. ಅದು ತಿಂದಿತು. ಐದು ನಿಮಿಷಕ್ಕೆ ಮೇಲಿನ ಮನೆಯಲ್ಲಿ ಗಂಟೆಯ ಸದ್ದಾಯಿತು. ಬ್ರೂನೋ ಖಾಲಿ ತಾಟಿನ ಮುಂದೆ ಓಡಿ ಬಂದು ನಿಂತು ಬೊಗಳಲು ಶುರುಮಾಡಿತು.

ಆಯಿ ಬಶಿ ಕೆಳಗಿಟ್ಟಳು. "ಇದು ಬೊಗಳೋದಲ್ಲರಿ. ತಾಟ್ ಕೇಳ್ಲಾಕತ್ತದ. ಗಂಟಿ ಆಯ್ತು, ಊಟ ಎಲ್ಲಿ ಅಂತ."

ನಾನು ವಿಜ್ಞಾನದ ಪದವೀಧರ. ಆ ಕ್ಷಣ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದೆ.

ಔಷಧ ಎರಡು, ಎಂದಳು ಆಯಿ. ನಾಯಿಗೆ ಪೂಜೆಗಿಂತ ಮೊದಲೇ ಊಟ ಹಾಕುವುದು. ಆಮೇಲೆ ಹಗಲಿಡೀ ಅದರ ಮುಂದೆ ಗಂಟೆ ಬಾರಿಸಿ ಏನೂ ಕೊಡದಿರುವುದು.

ಮೊದಲನೆಯದಕ್ಕೇ ಹೆಂಡತಿ ಅಡ್ಡ ನಿಂತಳು. "ಪೂಜಾ ಆಗೋತನಕ ಈ ಮನ್ಯಾಗ ಯಾರೂ ಬಾಯಾಗ ತುತ್ತು ಹಾಕಲ್ಲ ಆಯಿ. ನಮ್ಮತ್ತಿ ಕಾಲದಿಂದ ಹಂಗೇ ಅದ." ನಿಜ. ನನ್ನ ಸಕ್ಕರೆ ಕಾಯಿಲೆಗೂ ಆ ನಿಯಮದಲ್ಲಿ ರಿಯಾಯಿತಿ ಸಿಕ್ಕಿರಲಿಲ್ಲ.

ಆಯಿ ನಾಯಿಯ ಕೊರಳ ಪಟ್ಟಿ ಸರಿಸಿ, ಅದರ ಎದೆಯ ಮೇಲೆ ಏನನ್ನೋ ಹುಡುಕುವವಳಂತೆ ನೋಡಿದಳು. "ಅಲ್ರೀ ಅಕ್ಕೋರ, ಇದಕ್ಕ ಲಿಂಗ ಕಟ್ಟೀರೇನು?"

ಎರಡು ದಿನ ಹೆಂಡತಿ ಪೂಜೆ ಮುಗಿದ ಮೇಲೇ ನಾಯಿಗೆ ಹಾಕಿದಳು. ಮೂರನೇ ದಿನ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಮುರಿದು ನಾಯಿಯ ಹಾಲಿಗೆ ಹಾಕಿದಳು. ಆಮೇಲೆ ನನ್ನತ್ತ ನೋಡಿ, "ನೀವು ಆಸೆ ಇಟ್ಕೋಬ್ಯಾಡ್ರಿ," ಎಂದಳು.

ಹಗಲು ಆಯಿ ಬ್ರೂನೋನನ್ನು ಸೈಟಿಗೆ ಒಯ್ದು ನೆರಳಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅತ್ತೆಯ ಕಾಲದ ಹಿತ್ತಾಳೆಯ ಗಂಟೆಯನ್ನು ಹೆಂಡತಿ ಕೊಟ್ಟಿದ್ದಳು. ಪೈಪು ಎಳೆದುಕೊಂಡು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆಯಿ ಅದನ್ನು ಬಾರಿಸುವಳು. ನಾಯಿ ಎದ್ದು ಕುಣಿಯುವುದು, ಕೂಗುವುದು. ಆಕೆ ಗೋಡೆಗೆ ನೀರು ಹೊಡೆಯುವಳು. ನನಗೆ ನೂರು ಚಿಂತೆ. ಕಾಲಿಗೆ ಮೊಳೆ ಚುಚ್ಚಿದರೆ? ಸಿಮೆಂಟು ನೆಕ್ಕಿದರೆ? ಗಂಟೆ ಕಳೆದರೆ? ಅದನ್ನಂತೂ ಬಾಯಿಬಿಟ್ಟು ಹೇಳಿಯೇಬಿಟ್ಟೆ. "ಗಂಟಿ ಜತನಾಗಿ ಇಡ್ರಿ, ನಮ್ಮವ್ವಂದು," ಎಂದೆ.

ನಾಲ್ಕು ದಿನಕ್ಕೆ ಕುಣಿತ ಅರ್ಧವಾಯಿತು. ಐದನೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಸೈಟಿಗೆ ಹೋದೆ. ಆಕೆ ಮೇಲೆ ಗಂಟೆ ಬಾರಿಸಿದಾಗ ಕೆಳಗೆ ಇದರ ಮುಖ ನೋಡಲಾಗಲಿಲ್ಲ. ಜೇಬಿನಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಮತ್ತೆ ಬಾರಿಸಿದಳು, ಮತ್ತೆ ಕೊಟ್ಟೆ. ಮೂರು ದಿನ ಹೀಗೇ ನಡೆಸಿದೆ. ನಾಯಿ ಮೊದಲಿಗಿಂತ ಜೋರಾಗಿ ಬೊಗಳತೊಡಗಿತು. ಗಣಪತಿಗೆ ಇನ್ನು ಎರಡೇ ವಾರ.

"ಬಿಸ್ಕೀಟ್ ಯಾರು ಕೊಟ್ಟೋರ್ರಿ?" ಎಂದು ಆಯಿ ಇಳಿದು ಬಂದು ಕೇಳಿದಳು.

"ನನಗೇನ್ ಗೊತ್ತು. ಯಾರೋ ಹಾದಿಗೆ ಹೋಗೋರು," ಎಂದೆ. ಬ್ರೂನೋ ನನ್ನ ಪ್ಯಾಂಟಿನ ಜೇಬಿಗೆ ಮೂಗು ತೂರಿಸಿ ನಿಂತಿತ್ತು.

ಆಕೆ ಆ ಜೇಬು ನೋಡಿದಳು. ಕೂಗಾಡಲಿಲ್ಲ. "ಅರ್ಧ ಗಳಿಗಿ ಅದರ ಆಸಿ ನೋಡ್ಲಾಕ ನಿಮ್ಮ ಕೈಲಿ ಆಗಲ್ಲ. ನಾಳಿ ಅದಕ್ಕ ಮನಿ ತಪ್ಪಿದ್ರ ನೋಡ್ಲಾಕ ಆಗ್ತದೇನ್ರಿ?" ತಗಡಿನ ಶೆಡ್ಡಿನ ಕಡೆ ತಿರುಗಿ, "ಮನಿ ತಪ್ಪೋದು ಹ್ಯಾಂಗಿರ್ತದ ನಿಮಗ ಗೊತ್ತಿಲ್ಲ ಬಿಡ್ರಿ," ಎಂದು ಹೋದಳು. ಮರುದಿನದಿಂದ ನಾನು ಸೈಟಿಗೆ ಕಾಲಿಡಬಾರದೆಂದು ಅಪ್ಪಣೆಯಾಯಿತು. ಆಕೆ ಮತ್ತೆ ಮೊದಲಿನಿಂದ ಗಂಟೆ ಬಾರಿಸಿದಳು.

ಗಣಪತಿ ಕೂತ ಸಂಜೆ ಇಡೀ ಕಟ್ಟಡ ಕೆಳಗೆ ನೆರೆದಿತ್ತು. ನಾನೂ ಹೆಂಡತಿಯೂ ಮನೆಯಲ್ಲೇ ನಾಯಿಯ ಹಗ್ಗ ಹಿಡಿದು ಕೂತಿದ್ದೆವು. ಗಂಟೆ, ತಾಳ, ಚಪ್ಪಾಳೆ ಒಟ್ಟಿಗೇ ಎದ್ದವು. ಬ್ರೂನೋ ಕಿವಿ ನಿಮಿರಿಸಿತು. ತಾಟು ನೋಡಿತು, ಹೆಂಡತಿಯ ಕೈ ನೋಡಿತು, ನನ್ನ ಜೇಬು ನೋಡಿತು. ಗಂಟಲಲ್ಲಿ ಒಂದು ಸಣ್ಣ ಸದ್ದು ಬಂತು. ಆಮೇಲೆ ಮುಂಗಾಲುಗಳ ಮೇಲೆ ಗದ್ದ ಊರಿ ಮಲಗಿತು. ನಾನು ಹಗ್ಗ ಬಿಟ್ಟೆ.

ಪ್ರಸಾದದ ಪೇಡೆ ಒಯ್ದು ಕೊಟ್ಟಾಗ ಆಯಿ ಹೇಳಿದ್ದಿಷ್ಟೇ: "ಇದನ್ನ ನಾಯಿಗಿ ಕೊಟ್ಟಿಲ್ಲ ಹೌದಿಲ್ರಿ?"

ದೀಪಾವಳಿಗೆ ಮಗಳು ಬಂದಳು. ಅವಳು ನಾಶಿಕ್‌ಗೆ ಮರಳುವಷ್ಟರಲ್ಲಿ ಪಕ್ಕದ ಕಟ್ಟಡದ ಗೋಡೆಗಳೆಲ್ಲ ಮುಗಿದು, ಆಯಿಯವರ ಗುಂಪು ಶೇಂದ್ರಾ ರಸ್ತೆಯ ಸೈಟಿಗೆ ಹೋಯಿತು. ಗಂಟೆ ಆಕೆಯ ಹತ್ತಿರವೇ ಉಳಿದಿತ್ತು. ಕಂಪನಿಯ ಬಸ್ಸಿನ ಕಿಟಕಿಯಿಂದ ಒಮ್ಮೆ ಆಕೆ ಪೈಪು ಹಿಡಿದು ನಿಂತದ್ದು ಕಂಡಿತು. ಭಾನುವಾರ ನಾಯಿಯೊಂದಿಗೆ ಹೋಗಬೇಕೆಂದುಕೊಂಡೆ. ಒಂದು ಭಾನುವಾರ ಬಿಸಿಲು, ಒಂದು ಭಾನುವಾರ ನಾಯಿಗೆ ಕಾರಿನಲ್ಲಿ ವಾಂತಿಯಾದೀತೆಂಬ ಭಯ, ಇನ್ನೊಂದು ಭಾನುವಾರ ಗಂಟೆ ಕೇಳಲು ಬಂದನೆಂದು ತಿಳಿದಾಳೆಂಬ ಸಂಕೋಚ. ಚಿಂತೆ ಮಾಡುವವನಿಗೆ ಭಾನುವಾರಗಳು ಸಾಲುವುದಿಲ್ಲ.

ಹೋದಾಗ ಪೈಪು ಬೇರೊಬ್ಬಳ ಕೈಯಲ್ಲಿತ್ತು. ಆಯಿಗೆ ಜ್ವರ ಬಂದು ಊರಿಗೆ ಒಯ್ದರು, ಅಲ್ಲೇ ತೀರಿಕೊಂಡಳು, ತಿಂಗಳಾಯಿತು ಎಂದಳು. ಬ್ರೂನೋನನ್ನು ನೋಡಿ ಕೇಳಿದಳು. "ಗಂಟಿ ಸಾಹೇಬ್ರು ನೀವೇ ಏನ್ರಿ?" ಒಳಗೆ ಹೋಗಿ ಒಂದು ಗಂಟು ತಂದು ಕೊಟ್ಟಳು. "ಬಂದ್ರ ಕೊಡು ಅಂದಿದ್ಳು. ಅವರವ್ವಂದು, ಜತನ ಅಂದಿದ್ಳು."

ಬಿಚ್ಚಿದೆ. ಗಂಟೆ ಮುಕ್ಕಾಗದಂತೆ, ಅಲ್ಲಾಡಿದರೂ ಸದ್ದಾಗದಂತೆ, ಅದರ ನಾಲಿಗೆಗೆ ಹಳೆಯ ಸೀರೆಯ ಚೂರು ಸುತ್ತಿ ದಾರ ಕಟ್ಟಿದ್ದಳು. ಅಂಥ ಕೈಗೆ ನಾನು ಜತನದ ಪಾಠ ಹೇಳಿದ್ದೆ.

ಗಂಟೆ ಈಗ ದೇವರ ಮುಂದಿದೆ. ಹಂಚಿನಿಂದ ಇಳಿದ ಮೊದಲ ರೊಟ್ಟಿಗೆ ಹೆಂಡತಿ ಆಯಿ ರೊಟ್ಟಿ ಎನ್ನುತ್ತಾಳೆ, ಅದು ನಾಯಿಗೆ. ಎರಡನೆಯದು ದೇವರ ಎಡೆಗೆ. ಆಮೇಲೆ ಪೂಜೆ. ಬ್ರೂನೋ ಹೊಟ್ಟೆ ತುಂಬಿಸಿಕೊಂಡು ಬಾಗಿಲಲ್ಲಿ ಮಲಗಿರುತ್ತದೆ. ಗಂಟೆ ಬಾರಿಸಿದರೆ ಕಣ್ಣೂ ತೆರೆಯುವುದಿಲ್ಲ. ಆ ಸದ್ದಿಗೆ ಬಾಯಲ್ಲಿ ನೀರೂರಿ ತಾಟಿನತ್ತ ನೋಡುವವನು ಈ ಮನೆಯಲ್ಲಿ ಈಗ ನಾನೊಬ್ಬನೇ. ನನಗೆ ಆ ಪಾಠ ಕಲಿಸುವವಳು ಇಲ್ಲ.