ಮೈದುನನ ಅತಿ ಚಿಕ್ಕ ಪ್ರಸಂಗ

ನನ್ನ ಮೈದುನ ವಾರವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ, ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುತ್ತಾನೆ. ಶನಿವಾರ ಸಂಜೆ ಅಡುಗೆಮನೆ ಬಾಗಿಲಿಗೆ ಒರಗಿ ಅದನ್ನು ಮೊದಲು ನನಗೆ ಒಪ್ಪಿಸುತ್ತಾನೆ. ನನ್ನ ಓದುಬರಹ ಅಷ್ಟಕ್ಕಷ್ಟೇ, ಕೇಳುವುದು ಮಾತ್ರ ಚೆನ್ನಾಗಿ ಬರುತ್ತದೆ. ನಾನು ಆಕಳಿಸಿದ ಕಡೆ ಅವನು ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳುತ್ತಾನೆ. ಆದರೂ ಜನ ಅವನಿಗೆ ಇಟ್ಟಿರುವ ಹೆಸರು 'ಇನ್ನೊಂದೇ ಮಾತು'.

ಒಂದು ಭಾನುವಾರ, ದೇವರ ಕ್ಷಮೆಗೆ ಯಾರೂ ಹೊರಗಿನವರಲ್ಲ ಎಂದು ಪ್ರಸಂಗ ಮಾಡಿದ. ನನಗೆ ಒಂದು ಸಲವೂ ಆಕಳಿಕೆ ಬರಲಿಲ್ಲ. ಮುಗಿದ ಮೇಲೆ ಕೊನೆಯ ಬೆಂಚಿನಿಂದ ಒಬ್ಬ ಮುದುಕ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದ. ಬಟ್ಟೆ ಕಾರ್ಖಾನೆಯ ಹಳೆಯ ಮೇಸ್ತ್ರಿ. ಹನ್ನೊಂದು ವರ್ಷದ ಹಿಂದೆ, ಕೆಲಸ ಬೇಗ ಸಾಗಲೆಂದು ಕತ್ತರಿಸುವ ಯಂತ್ರದಲ್ಲಿ ಕೈಗೆ ಕಾಪಾಗಿದ್ದ ತಗಡನ್ನು ಬಿಚ್ಚಿಸಿದ್ದವನು ಇವನೇ. ಅದರಿಂದ ನನ್ನ ವಾರಗಿತ್ತಿಯ, ಅಂದರೆ ಈ ಮೈದುನನ ಹೆಂಡತಿಯ, ಎರಡು ಬೆರಳು ಹೋದಾಗ, ತಪ್ಪು ಅವಳದೇ ಎಂದು ಹೇಳಿಕೆ ಕೊಟ್ಟು ಕೆಲಸದಿಂದ ತೆಗೆಸಿದ್ದವನೂ ಇವನೇ.

"ನೀವು ಹೇಳಿದ್ದು ನನಗೂ ಸೇರಿದ್ದಾ?" ಎಂದು ಕೇಳಿದ.

ಮುಂದಿನ ವಾರ ಹೇಳುತ್ತೇನೆ ಎಂದುಬಿಟ್ಟ ಮೈದುನ.

ಆ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಊಟಕ್ಕೆ ಕೂತವನು ಎದ್ದ, ಎದ್ದವನು ಅತ್ತಿಂದಿತ್ತ ಅಲೆದ. ಬರೆದ, ಹರಿದ, ಮತ್ತೆ ಬರೆದ. ಅಂಗಡಿಯಲ್ಲಿ ಒಂದೇ ಯಂತ್ರವನ್ನು ಮೂರು ಸಲ ಬಿಚ್ಚಿ ಜೋಡಿಸಿ, ಸೂಜಿ ಹಾಕುವುದನ್ನೇ ಮರೆತು ಕಳಿಸಿದನಂತೆ. ಶನಿವಾರ ಒಪ್ಪಿಸಿದ. ಕ್ಷಮೆ ಇದೆ, ಆದರೆ ಕೆಲವರು ಕಾಯಬೇಕು. ದೇವರು ಬಾ ಎನ್ನುತ್ತಾನೆ, ಆದರೆ ಯೋಗ್ಯತೆ ಬೇಕು. ಹೀಗೇ ಹೋಯಿತು.

"ಹೋದ ವಾರ ಈ 'ಆದರೆ' ಇರ್ಲಿಲ್ವಲ್ಲಪ್ಪ" ಎಂದೆ.

"ಅವಳ ಕೈ ನೋಡ್ಕೊಂಡು ನಾನು ಹೇಗೆ ಹೇಳ್ಲಿ ಅತ್ತಿಗೆ?"

ಪಾತ್ರೆ ಉಜ್ಜುತ್ತಿದ್ದ ವಾರಗಿತ್ತಿ ತಿರುಗಿಯೂ ನೋಡಲಿಲ್ಲ. "ನನ್ನ ಬೆರಳನ್ನ ನಿಮ್ಮ ಪ್ರಸಂಗಕ್ಕೆ ಅಡ್ಡ ಇಡ್ಬೇಡಿ. ಕೋಪ ನಿಮ್ಮದಾದ್ರೆ ನಿಮ್ಮದು ಅಂತ ಹೇಳಿ. ದೇವರ ತಲೆಗೆ ಕಟ್ಬೇಡಿ."

ಮರುದಿನ ಮೈದುನ ಕಾಗದವಿಲ್ಲದೆ ವೇದಿಕೆ ಹತ್ತಿ ನಿಂತ. ಮೇಸ್ತ್ರಿ ಅದೇ ಕೊನೆಯ ಬೆಂಚಿನಲ್ಲಿದ್ದ.

"ಹೋದ ವಾರ ಹೇಳಿದ್ದು ನಿಮಗೂ ಸೇರಿದ್ದೇ" ಎಂದ ಅವನಿಗೆ. "ಅದು ನನ್ನ ಮಾತಲ್ಲ, ವಾಪಸ್ ತಗೊಳ್ಳೋಕೆ ನನಗೆ ಅಧಿಕಾರ ಇಲ್ಲ. ನಿಮ್ಮ ಕೈ ಹಿಡಿಯೋಕೆ ಮಾತ್ರ ನನಗಿನ್ನೂ ಆಗ್ತಿಲ್ಲ. ನನಗೋಸ್ಕರ ಪ್ರಾರ್ಥನೆ ಮಾಡಿ."

ಅಷ್ಟೇ ಹೇಳಿ ಇಳಿದ. ನನ್ನ ಪಕ್ಕದ ದರ್ಜಿ ಆಗಷ್ಟೇ ನಿದ್ದೆಗೆ ಅನುವಾಗುತ್ತಿದ್ದವನು ಗಾಬರಿಯಾಗಿ ಎದ್ದು ಕೂತ.

ಮೇಸ್ತ್ರಿಯನ್ನು ಯಾರೂ ಕರೆದಿರಲಿಲ್ಲ. ಬೆಂಚು ಹಿಡಿದುಕೊಂಡು ತಾನೇ ಎದ್ದು ನಿಂತು, ವಾರಗಿತ್ತಿಯ ಕಡೆ ತಿರುಗಿ, ತಗಡು ಬಿಚ್ಚಿಸಿದ್ದು ತಾನು, ಆ ಹೇಳಿಕೆ ಸುಳ್ಳು ಎಂದು ಗೊಣಗಿದ.

"ಜೋರಾಗಿ ಹೇಳಿ, ಮುಂದಿನ ಬೆಂಚಿನವರಿಗೂ ಕೇಳಿಸ್ಲಿ" ಎಂದಳು ಅವಳು, ಎದ್ದು ನಿಂತು.

ಅವನು ಇನ್ನೊಮ್ಮೆ ಹೇಳಿದ. ಅವಳು ತಲೆಯಾಡಿಸಿ ಕೂತುಕೊಂಡಳು. ಮೈದುನ ಅಷ್ಟರಲ್ಲಿ ಬಾಗಿಲ ತನಕ ಹೋಗಿದ್ದ. ಹೊರಗೂ ಹೋಗಲಿಲ್ಲ, ಒಳಗೆ ಬಂದು ಕೂರಲೂ ಇಲ್ಲ.