ಮಾತಿಲ್ಲದ ರಾಗಕ್ಕೆ ಅಣ್ಣ ಹಾಕಿದ ಮಾತು

ನನ್ನ ಅಣ್ಣ ಓಜೆಲ್ ಮೊದಲು ನುಡಿಸಿದ್ದು ಗಿಟಾರನ್ನಲ್ಲ, ನಮ್ಮ ಮನೆಯ ಗೋಡೆಯನ್ನು. ಕಸಬರಿಗೆಗೆ ಸುತ್ತಿದ್ದ ತಂತಿ ಬಿಚ್ಚಿ, ಹೊರಗೋಡೆಯ ಹಲಗೆಗೆ ಎರಡು ಮೊಳೆ ಹೊಡೆದು ಬಿಗಿದು, ಅದರಡಿ ನಶ್ಯದ ಸೀಸೆ ಸಿಕ್ಕಿಸಿ ಮೀಟುತ್ತಿದ್ದ. ಇಡೀ ಮನೆ ಗುಂಯ್‌ಗುಡುತ್ತಿತ್ತು.

"ಇರೋದೊಂದ್ ಕಸಬರಿಗೆ, ಅದನ್ನೂ ಹಾಳ್ಮಾಡಿದ್ಯಲ್ಲೋ!" ಎಂದು ಬೈದರೂ ಅಮ್ಮ ತಂತಿ ಕೀಳಲಿಲ್ಲ.

ಮಿಸಿಸಿಪ್ಪಿಯ ಏರಿ ಕಟ್ಟುವ ಕೆಲಸಕ್ಕೆ ಹೋದ ಅಪ್ಪ ನದಿಯಲ್ಲಿ ಮುಳುಗಿದ. ಹೆಣವೂ ಸಿಗಲಿಲ್ಲ. ಅಂದಿನಿಂದ ಅಮ್ಮ ಬಟ್ಟೆ ಒಗೆಯುವಾಗ, ಚರ್ಚಿನಲ್ಲಿ, ಆಮೇಲೆ ನನ್ನ ಮಗಳು ಜೂನಿಯ ತೊಟ್ಟಿಲ ಬಳಿಯೂ ಬಾಯಿ ಮುಚ್ಚಿ ಒಂದೇ ರಾಗ ನರಳುತ್ತಿದ್ದಳು. ಒಂದೂ ಮಾತಿಲ್ಲ. ನಮ್ಮ ಚರ್ಚಿನ ಹೆಂಗಸರೆಲ್ಲ ಹಾಗೆಯೇ. ಮಾತಿನಲ್ಲಿ ಹಾಡಿದರೆ ಸೈತಾನನೂ ಕದ್ದು ಕೇಳುತ್ತಾನೆ, ನರಳಿದರೆ ದೇವರಿಗೆ ಮಾತ್ರ ಅರ್ಥವಾಗುತ್ತದೆ ಎಂದು ನಂಬಿದವರು.

ಅಣ್ಣ ಗಿಟಾರ್ ಹಿಡಿದು ಶನಿವಾರದ ಹೆಂಡದ ಅಡ್ಡೆಗಳಲ್ಲಿ ಬ್ಲೂಸ್ ಹಾಡತೊಡಗಿದಾಗ ಅಮ್ಮ ಕೇಳಿದ್ದು ಇಷ್ಟೇ:

"ನಿನ್ ಹಾಡು ನಿನ್ಗಿರ್ಲಿ. ನಿಮ್ಮಪ್ಪನ ರಾಗ ಮಾತ್ರ ಅಲ್ಲಿಗೆ ಒಯ್ಬೇಡ."

"ನಿನ್ನಾಣೆ ಕಣಮ್ಮ, ಮುಟ್ಟಲ್ಲ."

ಹೋದ ಚಳಿಗಾಲ ರೆಕಾರ್ಡು ಕಂಪನಿಯವರು ಅವನನ್ನು ರೈಲು ಹತ್ತಿಸಿಕೊಂಡು ಹೋದರು. ಹತ್ತಿ ಹೊಲ ಉಳುವ ಹೊತ್ತಿಗೆ ಅವನ ರೆಕಾರ್ಡು ನಮ್ಮ ಪೇಟೆಗೆ, ಮಂಚ ಕುರ್ಚಿ ಮಾರುವ ಅಂಗಡಿಗೆ ಬಂತು. ಅಮ್ಮ ಭಾನುವಾರದ ಟೋಪಿ ಇಟ್ಟುಕೊಂಡು ಹೊರಟಳು. ಜೂನಿಯನ್ನು ಸೊಂಟಕ್ಕೇರಿಸಿಕೊಂಡು ನಾನೂ ಹೋದೆ. ಅಂಗಡಿಯವನು ಕಿಟಕಿಯ ಹತ್ತಿರ ರೆಕಾರ್ಡು ಹಾಕಿದ್ದ, ಬೀದಿ ತುಂಬ ಜನ.

ಅದೇ ರಾಗ. ಜೂನಿ ನಿದ್ದೆಯ ಹೊತ್ತಾಯಿತೆಂದು ನನ್ನ ಭುಜಕ್ಕೆ ತಲೆಯಿಟ್ಟಳು. ಆದರೆ ಅಣ್ಣ ಅದಕ್ಕೆ ಮಾತು ಹಾಕಿದ್ದ. ಹೆಂಡ, ಇನ್ನೊಬ್ಬನ ಹೆಂಡತಿ, ಹಿಂಬಾಗಿಲು. ಜನ ಸಿಳ್ಳೆ ಹೊಡೆದರು.

"ನಿನ್ ಮಗ ಹೆಸರ್ ಮಾಡ್ಬಿಟ್ಟ ಕಣೇ!" ಎಂದು ಪಕ್ಕದ ಮನೆಯ ಲುವೀನಾ ಅತ್ತೆ ಅಮ್ಮನ ತೋಳು ಹಿಡಿದು ಕುಲುಕಿದಳು.

"ಹೂಂ. ಅವರಪ್ಪನ್ನ ಇನ್ನೊಂದ್ಸಲ ಮುಳುಗಿಸ್ದ."

ಈಸ್ಟರಿಗೆ ಅಣ್ಣ ಹೊಸ ಬೂಟು ಹಾಕಿಕೊಂಡು, ಹೊಗೆಯಲ್ಲಿಟ್ಟ ಹಂದಿ ತೊಡೆ ಹೊತ್ತುಕೊಂಡು ಬಂದ. ಅಮ್ಮ ಒಳಗೆ ಕರೆಯಲಿಲ್ಲ.

"ನನ್ ಹಾಡೆಲ್ಲ ಮುಗಿದೋಗಿತ್ತಮ್ಮ. ಇನ್ನೊಂದ್ ಬೇಕೇ ಬೇಕು ಅಂದ್ರು. ಬಾಯಿಗೆ ಅದೇ ಬಂತು."

"ರಾಗ ಬಾಯಿಗ್ ಬಂತು, ಸರಿ. ಮಾತು? ಅದನ್ನ ಕೂತ್ಕೊಂಡ್ ಕಟ್ಟಿದ್ದಲ್ವೇನೋ?"

ಅಣ್ಣ ಹಂದಿ ತೊಡೆಯನ್ನು ನನ್ನ ಕೈಗಿಟ್ಟ. ಅಮ್ಮ ಸುತ್ತಿಗೆ ತಂದು ಗೋಡೆಯ ಮೊಳೆ ಎರಡನ್ನೂ ಕಿತ್ತಳು. ತುಕ್ಕು ಹಿಡಿದ ತಂತಿಯನ್ನು ಅವನೆದುರೇ ಕಸಬರಿಗೆಗೆ ಸುತ್ತಿ ಬಿಗಿದು, ಅವನು ನಿಂತಿದ್ದ ಮೆಟ್ಟಿಲನ್ನೇ ಗುಡಿಸತೊಡಗಿದಳು. ಅವನು ಇಳಿಯಲೇಬೇಕಾಯಿತು.

ಹಂದಿ ತೊಡೆಯನ್ನು ನಾನು ಕೆಡಿಸಲಿಲ್ಲ, ಸೊಪ್ಪಿನ ಜೊತೆ ಬೇಯಿಸಿದೆ. ಅಮ್ಮ ಬರೀ ಸೊಪ್ಪು ತಿಂದಳು.

ಈಗ ಅಮ್ಮ ಆ ರಾಗವಿಲ್ಲದೆ ಬಟ್ಟೆ ಒಗೆಯುತ್ತಾಳೆ. ಇವತ್ತು ಜೂನಿ ಹಟ ಹಿಡಿದಳು. ನಾನು ಬಾಯಿ ಮುಚ್ಚಿಕೊಂಡೇ ಆ ರಾಗ ಶುರು ಮಾಡಿದೆ. ಅಮ್ಮ ಒದ್ದೆ ಕೈಯಲ್ಲೇ ಬಂದು ನನ್ನ ಬಾಯಿ ಮುಚ್ಚಿದಳು.

"ಬೇಡ ಕಣೇ. ಈಗದು ಸೈತಾನನ್ಗೂ ಅರ್ಥ ಆಗತ್ತೆ."

ಮಗುವನ್ನು ಬರೀ ಬೆನ್ನು ತಟ್ಟಿ ಮಲಗಿಸಿದೆ. ಬಹಳ ಹೊತ್ತು ಹಿಡಿಯಿತು.